ಮಾತ್ರೆ ಮೊದಲೇ ಕೈಯಲ್ಲಿರಬೇಕು: ಮಲೆನಾಡಿನ ಒಂದು ಹರ್ಪಿಸ್ ಪ್ರಕರಣ

ನಾನು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಇಲ್ಲಿ ಬರೆದಿರುವುದು ನಮ್ಮ ಕೇಂದ್ರಕ್ಕೆ ಬಂದ ಒಬ್ಬ ಹೆಣ್ಣುಮಗಳ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಅವರನ್ನು ಸುಜಾತಾ ಅಂತ ಕರೆಯೋಣ. ಕಾಯಿಲೆ ಜನನಾಂಗದ ಹರ್ಪಿಸ್, ಅಂದರೆ ವೈರಸ್ಸಿನಿಂದ ನೀರುಗುಳ್ಳೆ, ಹುಣ್ಣು ಏಳುವ ಲೈಂಗಿಕ ಸೋಂಕು. ನಮ್ಮಂಥ ಕೇಂದ್ರಗಳಲ್ಲಿ ಕೆಲಸ ಮಾಡುವ ನರ್ಸುಗಳಿಗೆ, ಸಮಾಲೋಚಕರಿಗೆ ಉಪಯೋಗವಾಗಲಿ ಅಂತ ಮಾತ್ರೆಗಳ ಪ್ರಮಾಣವನ್ನೂ ಬರೆದಿದ್ದೇನೆ. ಅವನ್ನು ಬರೆದುಕೊಟ್ಟವರು ವೈದ್ಯರು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಶುರು ಮಾಡಬೇಡಿ.

ಹಿನ್ನೆಲೆ

ಸುಜಾತಾಗೆ ಆಗ ಮೂವತ್ತರ ಆಸುಪಾಸು. ಮದುವೆಯಾಗಿ ಏಳೆಂಟು ವರ್ಷ. ಒಬ್ಬಳು ಮಗಳು, ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಅತ್ತೆ, ಗಂಡ, ಇನ್ನೂ ಮದುವೆಯಾಗದ ಮೈದುನ. ಸಣ್ಣ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು. ಮನೆಯಿಂದ ಟಾರು ರಸ್ತೆಗೆ ಬರಲು ಗದ್ದೆಯ ಅಂಚಿನ ಮೇಲೆ ನಡೆಯಬೇಕು. ಪೇಟೆಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ವಾಪಸ್ ಬರಲು ಒಂದು ಬಸ್ಸು. ಪೇಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟವರು ಗಂಡನ ಜೊತೆ ಓದಿದವರು. ಊರಿನ ಆಶಾ ಕಾರ್ಯಕರ್ತೆ ಅತ್ತೆಗೆ ಸಂಬಂಧದಲ್ಲಿ ತಂಗಿ ಆಗಬೇಕು.

ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದ್ರೆ, ಮುಂದೆ ಚಿಕಿತ್ಸೆ ಫಲಿಸಿತೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಿದ್ದು ಮಾತ್ರೆಗಿಂತ ಜಾಸ್ತಿ ಈ ಸಂಗತಿಗಳೇ.

ಮೊದಲ ಮಳೆಗಾಲ

ಕಾಯಿಲೆ ಮೊದಲ ಸಲ ಕಾಣಿಸಿಕೊಂಡಿದ್ದು ಆಷಾಢದ ಜಡಿಮಳೆಯಲ್ಲಿ. ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗಂಟು. ಎರಡು ದಿನ ಕಳೆಯುವುದರೊಳಗೆ ಮೂತ್ರ ಮಾಡುವ ಜಾಗದ ಸುತ್ತ ಸಣ್ಣ ಸಣ್ಣ ನೀರುಗುಳ್ಳೆ ಎದ್ದವು. ಅವು ಒಡೆದು ಹುಣ್ಣಾದವು. ಕೂರಲು ಆಗದು, ನಡೆಯಲು ಆಗದು. ಉರಿಗೆ ಹೆದರಿ ಸುಜಾತಾ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅದರಿಂದ ಮೂತ್ರ ಗಟ್ಟಿಯಾಗಿ ಉರಿ ಇನ್ನೂ ಏರಿತು.

ಅತ್ತೆಗೆ ಅವರು ಉರಿಮೂತ್ರ ಅಂತಷ್ಟೇ ಹೇಳಿದ್ದರು. "ಉಷ್ಣ ಆಗಿದೆ" ಅಂತ ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು, ಎಳನೀರು ಕೆತ್ತಿಸಿಕೊಟ್ಟರು. ಹುಣ್ಣಿನ ವಿಷಯ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವರು ಮೆಡಿಕಲ್ ಶಾಪಿಗೆ ಹೋಗಿ "ತೊಡೆಸಂದಿಗೆ ಹಚ್ಚುವ ಮುಲಾಮು" ಕೇಳಿದರು. ಮಳೆಗಾಲದಲ್ಲಿ ನಮ್ಮ ಕಡೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಹುಳುಕಡ್ಡಿ, ತುರಿಕೆ ಮನೆಮನೆಯಲ್ಲೂ ಇರುತ್ತದೆ. ಹಾಗಾಗಿ ಅಂಗಡಿಯವರೂ ಇದು ಅದೇ ಅಂದುಕೊಂಡರು. ಕೊಟ್ಟಿದ್ದು ಸ್ಟಿರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆಸಿದ ಮುಲಾಮು. ಸ್ಟಿರಾಯ್ಡ್ ಚರ್ಮದ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ವೈರಸ್ಸಿನ ಹುಣ್ಣಿಗೆ ಅದನ್ನು ಹಚ್ಚಲೇಬಾರದು. ಹಚ್ಚಿದ ಮೇಲೆ ಹುಣ್ಣು ಹರಡಿತು. ಮೂರನೇ ವಾರದ ಹೊತ್ತಿಗೆ ತಾನಾಗಿ ಒಣಗಿತು.

ಶ್ರಾವಣದ ಕೊನೆಯಲ್ಲಿ ಮತ್ತೆ ಬಂತು. ಈ ಸಲ ಜ್ವರ ಇರಲಿಲ್ಲ. ಗುಳ್ಳೆ ಕಡಿಮೆ, ಆದರೆ ಒಂದು ಗುಂಪು ತೊಡೆಯ ಹಿಂಭಾಗದಲ್ಲೂ ಎದ್ದಿತ್ತು. ನಡೆಯುವ ರೀತಿ ನೋಡಿ ಅತ್ತೆ ಕೇಳಿದರು. ಸುಜಾತಾ ಆ ಒಂದು ಗುಂಪನ್ನು ಮಾತ್ರ ತೋರಿಸಿದರು. ಅತ್ತೆ ನೋಡಿದ ತಕ್ಷಣ ಸರ್ಪಸುತ್ತು ಅಂದರು. ಕೆಮ್ಮಣ್ಣನ್ನು ಗರಿಕೆ ರಸದಲ್ಲಿ ಅರೆದು ಹಚ್ಚಿದರು. ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು. ವಾರದಲ್ಲಿ ಒಣಗಿತು.

ಆ ಅತ್ತೆಯನ್ನು ನಾನು ದೂರುವುದಿಲ್ಲ. ಗುಂಪು ಗುಂಪಾಗಿ ನೀರುಗುಳ್ಳೆ ಎದ್ದರೆ ಯಾರಿಗಾದರೂ ಸರ್ಪಸುತ್ತು ಅನ್ನಿಸಬಹುದು. ಆದರೆ ಸರ್ಪಸುತ್ತು ಬರುವುದು ಚಿಕನ್‌ಪಾಕ್ಸಿನ ವೈರಸ್‌ನಿಂದ. ಅದು ಮೈಯ ಒಂದು ಬದಿಯಲ್ಲಿ ಪಟ್ಟಿಯ ಹಾಗೆ ಏಳುತ್ತದೆ. ಹೆಚ್ಚಿನವರಿಗೆ ಬದುಕಿನಲ್ಲಿ ಒಂದೇ ಸಲ. ಸುಜಾತಾಗೆ ಬಂದಿದ್ದು ಮತ್ತೆ ಮತ್ತೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಇದು ಎಚ್‌ಎಸ್‌ವಿ ಅನ್ನುವ ಬೇರೆಯೇ ವೈರಸ್. ಮರಳಿ ಬರುವ ಹರ್ಪಿಸ್ ಹುಣ್ಣು ಔಷಧಿ ಇಲ್ಲದೆಯೂ ವಾರ ಹತ್ತು ದಿನದಲ್ಲಿ ಒಣಗುತ್ತದೆ. ಹಾಗಾಗಿ ಆ ವಾರ ಏನು ಹಚ್ಚಿದರೂ ಅದೇ ಗುಣ ಮಾಡಿದ ಹಾಗೆ ಕಾಣುತ್ತದೆ. ಕಷಾಯಕ್ಕೂ, ಕೆಮ್ಮಣ್ಣಿಗೂ, ಮುಲಾಮಿಗೂ ಹೀಗೇ ಹೆಸರು ಬಂತು. ನಿಜವಾದ ಕಾಯಿಲೆ ಯಾವುದು ಅಂತ ಯಾರೂ ಕೇಳಲಿಲ್ಲ.

ಕವರಿನಲ್ಲಿದ್ದ ರಿಪೋರ್ಟ್

ಮೂರನೇ ಸಲ ಬಂದಾಗ ಗಂಡ ಹೆಂಡತಿ ಇಬ್ಬರೂ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ರಕ್ತ ಪರೀಕ್ಷೆ ಬರೆದರು. "ಎಚ್‌ಎಸ್‌ವಿ 1 ಮತ್ತು 2, ಐಜಿಎಂ ಪಾಸಿಟಿವ್" ಅಂತ ರಿಪೋರ್ಟ್ ಬಂತು. 1 ಮತ್ತು 2 ಅಂದರೆ ಈ ವೈರಸ್ಸಿನ ಎರಡು ಬಗೆ, ಐಜಿಎಂ ಅಂದರೆ ಸೋಂಕಿನ ವಿರುದ್ಧ ಮೈಯಲ್ಲಿ ಹುಟ್ಟುವ ಒಂದು ಬಗೆಯ ಪ್ರತಿಕಾಯ. ಹರ್ಪಿಸ್, ಲೈಂಗಿಕ ಸಂಪರ್ಕದಿಂದ ಬರುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ. ಅವರಿಗೆ ಸಿಕ್ಕಿದ್ದು ಈ ಮೂರು ಮಾತು. ಸಂಜೆ ಬಸ್ಸಿನಲ್ಲಿ ಇಬ್ಬರೂ ಒಂದು ಮಾತೂ ಆಡಲಿಲ್ಲವಂತೆ.

ಆ ರಾತ್ರಿ ಗಂಡ ಫೋನಿನಲ್ಲಿ ಹುಡುಕಿದರು. ಐಜಿಎಂ ಅಂದರೆ ಹೊಸ ಸೋಂಕು ಅಂತ ಅಲ್ಲಿತ್ತು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಹೊಸ ಸೋಂಕು ಎಲ್ಲಿಂದ ಬಂತು ಅಂತ ಅವರು ಕೇಳಿದರು. ಅದೇ ಪ್ರಶ್ನೆ ಸುಜಾತಾ ಮನಸ್ಸಿನಲ್ಲೂ ಇತ್ತು. ಮಾರನೇ ದಿನದಿಂದ ಗಂಡ ಹಾಸಿಗೆ ತೆಗೆದುಕೊಂಡು ಹೋಗಿ ಜಗಲಿಯಲ್ಲಿ ಮಲಗತೊಡಗಿದರು.

ಈ ಸಂಸಾರ ಮುರಿಯುವ ಹಂತಕ್ಕೆ ಬಂದದ್ದು ಆ ಒಂದು ಪರೀಕ್ಷೆಯಿಂದ. ಹರ್ಪಿಸ್‌ಗೆ ಐಜಿಎಂ ನಂಬುವಂಥ ಪರೀಕ್ಷೆ ಅಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಪಾಸಿಟಿವ್ ಬರಬಹುದು. ಯಾವ ಬಗೆಯ ವೈರಸ್ ಅಂತಲೂ ಸರಿಯಾಗಿ ಹೇಳುವುದಿಲ್ಲ. ಹೊಸ ಗುಳ್ಳೆಯ ನೀರನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪಿಸಿಆರ್ (ವೈರಸ್ಸನ್ನೇ ಹುಡುಕುವ ಪರೀಕ್ಷೆ) ಮಾಡುವುದೇ ಸರಿಯಾದ ದಾರಿ. ಅದು ಸಿಗದ ಕಡೆ ಅನುಭವಿ ವೈದ್ಯರು ಕಣ್ಣಾರೆ ನೋಡಿ ಚಿಕಿತ್ಸೆ ಶುರು ಮಾಡುತ್ತಾರೆ. ಇಂಥ ರಿಪೋರ್ಟ್ ಹಿಡಿದು ಬರುವ ದಂಪತಿಗಳು ಇವರೊಬ್ಬರೇ ಅಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸುಜಾತಾ ತವರಿಗೆ ಹೋಗಿದ್ದಾಗ ಅಲ್ಲಿಂದ 1097ಕ್ಕೆ ಫೋನ್ ಮಾಡಿದರು. ಅದು ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಮಾಹಿತಿಗೆ ಇರುವ ಉಚಿತ ಸಹಾಯವಾಣಿ. ಅವರು ನಮ್ಮ ಕೇಂದ್ರ ಹೇಳಿದರು. ರಿಪೋರ್ಟನ್ನು ಮದುವೆ ಕರೆಯೋಲೆಯ ಕವರಿನಲ್ಲಿಟ್ಟುಕೊಂಡು ಬಂದಿದ್ದರು. ಕೂತ ಕೂಡಲೇ ಕೇಳಿದ್ದು, "ಮೇಡಂ, ನನ್ನ ಮಗಳನ್ನ ಪಕ್ಕ ಮಲಗಿಸ್ಕೊಂಡ್ರೆ ಅವಳಿಗೂ ಬರ್ತದಾ?"

ಎಷ್ಟೋ ದಿನದಿಂದ ಅವರು ಮಗಳನ್ನು ಅಜ್ಜಿಯ ಹತ್ತಿರ ಮಲಗಿಸುತ್ತಿದ್ದರು. ತಮ್ಮ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಬಚ್ಚಲುಮನೆಯನ್ನು ದಿನಾ ಫಿನಾಯಿಲ್ ಹಾಕಿ ತೊಳೆಯುತ್ತಿದ್ದರು. ಉಳಿದ ಎಲ್ಲ ಮಾತು ಬದಿಗಿಟ್ಟು ನಾನು ಮೊದಲು ಇದಕ್ಕೆ ಉತ್ತರ ಕೊಟ್ಟೆ. ತಟ್ಟೆ, ಬಟ್ಟೆ, ಬಚ್ಚಲು, ಅಪ್ಪುಗೆ, ಒಂದೇ ಹಾಸಿಗೆ, ಇವುಗಳಿಂದ ಇದು ಬರುವುದಿಲ್ಲ. ಚರ್ಮಕ್ಕೆ ಚರ್ಮ ತಾಗುವ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಹುಣ್ಣು ಮುಟ್ಟಿದರೆ ಕೈ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ. ಅಷ್ಟು ಸಾಕು. ಅವರು ತುಂಬ ಹೊತ್ತು ಅತ್ತರು. ಆಮೇಲೆ ಜಗತ್ತಿನ ಲೆಕ್ಕ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 15ರಿಂದ 49 ವರ್ಷದವರಲ್ಲಿ 84 ಕೋಟಿಗೂ ಹೆಚ್ಚು ಜನರಿಗೆ ಜನನಾಂಗದ ಹರ್ಪಿಸ್ ಸೋಂಕಿದೆ, ಅಂದರೆ ಐದರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರಲ್ಲಿ ಬಹಳ ಜನಕ್ಕೆ ತಮಗೆ ಇದೆ ಅಂತಲೇ ಗೊತ್ತಿಲ್ಲ.

ಗಂಡನನ್ನು ಕರೆಸುವ ಮಾತಿಗೆ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕಿತ್ತು. "ಮನೆಯಲ್ಲಿ ಕೈ ಎತ್ತುವುದು ಉಂಟಾ? ಮನೆ ಬಿಟ್ಟು ಹೋಗು ಅಂದಿದ್ದಾರಾ?" ಇಲ್ಲ ಅಂದರು. ಮಾತು ಬಿಟ್ಟಿದ್ದಾರೆ ಅಷ್ಟೇ. ಉತ್ತರ ಬೇರೆಯಾಗಿದ್ದರೆ ನಮ್ಮ ದಾರಿಯೂ ಬೇರೆಯಾಗುತ್ತಿತ್ತು.

ಗುಳ್ಳೆ ಇದ್ದಾಗ ಬಸ್ಸಿಲ್ಲ, ಬಸ್ಸು ಸಿಕ್ಕಾಗ ಗುಳ್ಳೆ ಇಲ್ಲ

ಅವತ್ತು ಬಂದಾಗ ಹುಣ್ಣು ಒಣಗಿ ಹೋಗಿತ್ತು. ನಮ್ಮ ವೈದ್ಯರು ಪೂರ್ತಿ ಕಥೆ ಕೇಳಿದರು. ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡಿಸಿದರು. ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಜಾಸ್ತಿ, ಅದಕ್ಕೆ ಈ ಪರೀಕ್ಷೆ ಬಿಡುವಂತಿಲ್ಲ. ಎರಡೂ ನೆಗೆಟಿವ್. ಮುಂದಿನ ಸಲ ಗುಳ್ಳೆ ಎದ್ದ ಒಂದೆರಡು ದಿನದಲ್ಲೇ ಬನ್ನಿ ಅಂದರು.

ಬರಲು ಆಗಲಿಲ್ಲ. ಮುಂದಿನ ಸಲ ಗುಳ್ಳೆ ಎದ್ದಾಗ ಅಡಿಕೆ ಕೊಯ್ಲು ಜೋರಾಗಿತ್ತು. ಕೊನೆಗಾರರು ಮನೆಯಲ್ಲಿದ್ದರು. ಅವರಿಗೆ ತಿಂಡಿ, ಊಟ, ರಾತ್ರಿ ಅಡಿಕೆ ಸುಲಿಯುವವರಿಗೆ ಕಾಫಿ. ಅಂಥ ಹೊತ್ತಿನಲ್ಲಿ ಮನೆಯ ಹೆಂಗಸು ಬೆಳಗಿನ ಬಸ್ಸು ಹತ್ತಿ ಸಂಜೆ ಬರುತ್ತೇನೆ ಅಂದರೆ ಹತ್ತು ಪ್ರಶ್ನೆ ಏಳುತ್ತವೆ. ಅವರು ಬಂದಾಗ ಹಕ್ಕಳೆ ಕಟ್ಟಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ತಮ್ಮನ ಮದುವೆಯಲ್ಲಿ. ಮದುವೆ ಕೆಲಸಕ್ಕೆ ತವರಿಗೆ ಬಂದಿದ್ದರು. ನಿದ್ದೆಗೆಟ್ಟು ಓಡಾಡಿದ್ದರು, ಮುಟ್ಟಿನ ದಿನವೂ ಹತ್ತಿರ ಇತ್ತು. ರಾತ್ರಿ ಗುಳ್ಳೆ ಎದ್ದಿತು. ಬೆಳಿಗ್ಗೆ ಅರಿಶಿನ ಕುಂಕುಮ ತರುತ್ತೇನೆ ಅಂತ ಹೇಳಿ ನಮ್ಮಲ್ಲಿಗೆ ಬಂದರು. ವೈದ್ಯರು ನೋಡಿದರು, ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಯಿತು. ಎಚ್‌ಎಸ್‌ವಿ-2 ಖಚಿತವಾಯಿತು. ಅವತ್ತೇ ಐದನೇ ನಂಬರಿನ ಕೆಂಪು ಕಿಟ್ ಕೊಟ್ಟರು. ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬೇರೆ ಬೇರೆ ಲೈಂಗಿಕ ಸೋಂಕಿಗೆ ಬೇರೆ ಬೇರೆ ಬಣ್ಣದ ಕಿಟ್ ಇರುತ್ತದೆ. ಕೆಂಪು ಕಿಟ್ಟಿನಲ್ಲಿ ಇರುವುದು ಅಸೈಕ್ಲೋವಿರ್ 400 ಮಿ.ಗ್ರಾಂ, ದಿನಕ್ಕೆ ಮೂರು ಸಲದಂತೆ ಏಳು ದಿನಕ್ಕೆ. ದುಡ್ಡಿಲ್ಲ.

ನೋವು ಸಹಿಸುವುದಕ್ಕೂ ಕೆಲವು ಉಪಾಯ ಹೇಳಿಕೊಟ್ಟೆವು. ಉಗುರು ಬೆಚ್ಚಗಿನ ನೀರನ್ನು ಸುರಿದುಕೊಳ್ಳುತ್ತಾ ಮೂತ್ರ ಮಾಡಿದರೆ ಉರಿ ಕಡಿಮೆ. ನೀರು ಜಾಸ್ತಿ ಕುಡಿಯಬೇಕು. ಹತ್ತಿಯ ಸಡಿಲ ಬಟ್ಟೆ, ನೋವಿಗೆ ಪ್ಯಾರಾಸಿಟಮಾಲ್. ಯಾವ ಮುಲಾಮೂ ಬೇಡ. ಅಸೈಕ್ಲೋವಿರ್ ಮುಲಾಮಿನಿಂದಲೂ ಈ ಕಾಯಿಲೆಯಲ್ಲಿ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ಮೂತ್ರ ಪೂರ್ತಿ ಕಟ್ಟಿದರೆ, ಜೋರು ತಲೆನೋವಿನ ಜೊತೆ ಕುತ್ತಿಗೆ ಬಿಗಿದರೆ, ಕಣ್ಣಿಗೆ ತಗಲಿದರೆ ಬಸ್ಸಿಗೆ ಕಾಯಬೇಡಿ, ಗಾಡಿ ಮಾಡಿಕೊಂಡು ಬನ್ನಿ ಅಂದೆವು.

ಮುಂದಿನ ಸಲ ಗುಳ್ಳೆ ಬಂದಾಗ ಮನೆಯಲ್ಲಿ ಮಾತ್ರೆ ಇರಲಿಲ್ಲ. ಬಸ್ಸು ಹಿಡಿದು ನಮ್ಮಲ್ಲಿಗೆ ಬರುವ ಹೊತ್ತಿಗೆ ಮೂರು ದಿನ ಕಳೆದಿತ್ತು. ಮಾತ್ರೆ ನುಂಗಿದರು, ಏನೂ ವ್ಯತ್ಯಾಸ ಆಗಲಿಲ್ಲ. "ಈ ಮಾತ್ರೆ ನಂಗೆ ಹಿಡಿಯಲ್ಲ ಮೇಡಂ" ಅಂದರು.

ಈ ಪ್ರಕರಣ ತಿರುಗಿದ್ದು ಇಲ್ಲಿ. ಅಸೈಕ್ಲೋವಿರ್ ಕೆಲಸ ಮಾಡುವುದು ವೈರಸ್ ಹೆಚ್ಚಾಗುತ್ತಿರುವಾಗ. ಗುಳ್ಳೆ ಎದ್ದ 24 ಗಂಟೆಯೊಳಗೆ, ಸಾಧ್ಯವಾದರೆ ಅದಕ್ಕೂ ಮುಂಚಿನ ಸೂಚನೆ ಸಿಕ್ಕಾಗಲೇ ನುಂಗಬೇಕು. ಹುಣ್ಣಾದ ಮೇಲೆ ನುಂಗಿದರೆ ಅದು ಹೆಚ್ಚೇನೂ ಮಾಡಲಾರದು. ಗುಳ್ಳೆ ತೋರಿಸಿ, ಆಮೇಲೆ ಮಾತ್ರೆ ತಗೊಂಡು ಹೋಗಿ ಅನ್ನುವುದು ಆಸ್ಪತ್ರೆ ಪಕ್ಕದಲ್ಲಿ ಮನೆ ಇದ್ದವರಿಗೆ ಸರಿ. ದಿನಕ್ಕೆ ಒಂದೇ ಬಸ್ಸು ಬರುವ ಊರಿನಲ್ಲಿ, ಮೆಡಿಕಲ್ ಶಾಪಿನವರು ಗಂಡನ ಗೆಳೆಯ ಆಗಿರುವಲ್ಲಿ, ಆ 24 ಗಂಟೆ ಯಾವತ್ತೂ ಸಿಗುವುದಿಲ್ಲ. ನಾನು ವೈದ್ಯರಿಗೆ ಇದನ್ನೇ ಹೇಳಿದೆ. ಅವರು ಒಪ್ಪಿದರು. ಕಾಯಿಲೆ ಖಚಿತವಾಗಿದೆ, ಬೇರೆ ತೊಂದರೆ ಇಲ್ಲ, ಕಿಡ್ನಿ ಸರಿ ಇದೆ. ಮುಂದಿನ ಸಲಕ್ಕೆ ಬೇಕಾದ ಮಾತ್ರೆಯನ್ನು ಮುಂಚೆಯೇ ಬರೆದುಕೊಟ್ಟರು. 400 ಮಿ.ಗ್ರಾಂ ಮಾತ್ರೆ ಎರಡೆರಡು, ದಿನಕ್ಕೆ ಮೂರು ಸಲ, ಎರಡೇ ದಿನ. ಒಟ್ಟು 12 ಮಾತ್ರೆ. ಐದು ದಿನದ ಕ್ರಮವೂ ಇದೆ, ಆದರೆ ಕಡಿಮೆ ದಿನದ್ದು ಸುಜಾತಾಗೆ ಸುಲಭ ಅನ್ನಿಸಿತು.

ಎಲ್ಲಿ ಇಡುವುದು ಅನ್ನುವುದಕ್ಕೂ ನಾವಿಬ್ಬರೂ ಕೂತು ಯೋಚಿಸಿದೆವು. ಬೀರು ಅತ್ತೆ ತೆಗೆಯುತ್ತಾರೆ. ಅಡುಗೆಮನೆ ಡಬ್ಬಿ ಎಲ್ಲರೂ ತೆಗೆಯುತ್ತಾರೆ. ಹೊಲಿಗೆ ಮಷಿನ್ನಿನ ಡ್ರಾಯರ್ ಅವರದ್ದೇ. ಗುಂಡಿ, ದಾರ ಇಡುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮಾತ್ರೆ ಸೇರಿತು. ಮಳೆಗಾಲದ ಥಂಡಿಯೂ ತಾಗುವುದಿಲ್ಲ.

ಇನ್ನು ಮುಂಚಿನ ಸೂಚನೆ. ಗುಳ್ಳೆ ಏಳುವ ಹಿಂದಿನ ದಿನ ಏನಾದರೂ ಅನ್ನಿಸುತ್ತದಾ ಅಂತ ಕೇಳಿದೆ. ಮೊದಲು ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಡಗಾಲು ತೊಡೆ ಒಳಗೆ ಜುಮ್ ಜುಮ್ ಅಂತದೆ. ಹುಲ್ಲು ಹೊರೆ ಹೊತ್ತಿದ್ದಕ್ಕೆ ಅಂದ್ಕೊಂಡಿದ್ದೆ" ಅಂದರು. ಅದೇ ಸೂಚನೆ. ಈ ವೈರಸ್ ಬೆನ್ನುಹುರಿಯ ಕೆಳಗಿನ ನರದ ಗಂಟಿನಲ್ಲಿ, ಬಚ್ಚಲ ಒಲೆಯ ಬೂದಿಯೊಳಗಿನ ಕೆಂಡದ ಹಾಗೆ ಸುಮ್ಮನೆ ಇರುತ್ತದೆ. ಎದ್ದಾಗ ನರದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ಆ ದಾರಿಯಲ್ಲೇ ಜುಮ್ಮೆನ್ನುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ ಇಡಿ ಅಂದೆ. ಹಸು ಬೆದೆಗೆ ಬಂದ ದಿನವನ್ನೂ ಅಲ್ಲೇ ಗುರುತು ಮಾಡುವ ಮನೆ ಅದು. ಒಂದು ಚುಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂದಿನ ಸಲ ಜುಮ್ಮೆಂದ ರಾತ್ರಿಯೇ ಮಾತ್ರೆ ತೆಗೆದುಕೊಂಡರು. ಒಂದೆರಡು ಗುಳ್ಳೆ ಎದ್ದು, ಹುಣ್ಣಾಗದೆ ಒಣಗಿದವು. ಅದರ ಮುಂದಿನ ಸಲ ಗುಳ್ಳೆಯೇ ಬರಲಿಲ್ಲ. ಅದೇ ಮಾತ್ರೆ, ಅದೇ ಮೈ. ಬದಲಾಗಿದ್ದು ನುಂಗಿದ ಹೊತ್ತು ಮಾತ್ರ.

"ಯಾರಿಂದ ಬಂತು ಅಂತ ಹೇಳಿ"

ಗಂಡ ಬರಲು ಬಹಳ ಕಾಲ ಹಿಡಿಯಿತು. ನಾನು ಮನೆಗೆ ಫೋನ್ ಮಾಡಲಿಲ್ಲ. ನಮ್ಮ ಕೇಂದ್ರದಿಂದ ಯಾರ ಮನೆಗೂ ಅವರು ಹೇಳದೆ ಫೋನ್ ಹೋಗುವುದಿಲ್ಲ. ಸುಜಾತಾ ತಾವೇ ಹೇಳಿ, ಹೇಳಿ ಕರೆತಂದರು. ಬಂದವರು ಕುರ್ಚಿಯ ತುದಿಯಲ್ಲಿ ಕೂತರು. "ಯಾರಿಂದ ಬಂತು ಅಂತ ಹೇಳಿ ಮೇಡಂ. ಅಷ್ಟು ಹೇಳಿದ್ರೆ ಸಾಕು" ಅಂದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾವ ಪರೀಕ್ಷೆಯೂ ಅದನ್ನು ಹೇಳುವುದಿಲ್ಲ. ಸೋಂಕು ತಗಲಿ ವರ್ಷಗಳ ಮೇಲೆ ಮೊದಲ ಗುಳ್ಳೆ ಕಾಣಿಸಬಹುದು. ಮದುವೆಗೆ ಮುಂಚಿನದ್ದೂ ಆಗಿರಬಹುದು. ಗುಳ್ಳೆಯೇ ಇಲ್ಲದಾಗಲೂ ಒಬ್ಬರಿಂದ ಒಬ್ಬರಿಗೆ ದಾಟಬಹುದು. ಆ ಐಜಿಎಂ ರಿಪೋರ್ಟಿನಿಂದ ನೀವು ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಅವರು ಒಪ್ಪಿದ ಹಾಗೆ ಕಾಣಲಿಲ್ಲ. ಎದ್ದು ಹೋದರು.

ಎರಡನೇ ಸಲ ಒಬ್ಬರೇ ಬಂದರು, ಅಡಿಕೆ ಮಂಡಿಗೆ ಹೋಗುವ ದಾರಿಯಲ್ಲಿ. ಮದುವೆಗೆ ಮುಂಚೆ ಕೆಲವು ವರ್ಷ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ವಿಷಯ ಹೇಳಿದರು. ತಮಗೂ ಆಗಾಗ ಅಲ್ಲಿ ಚರ್ಮ ಕೆಂಪಾಗಿ ಸುಲಿದ ಹಾಗೆ ಆಗುವುದುಂಟು, ಚಡ್ಡಿ ಉಜ್ಜಿದ್ದಕ್ಕೆ ಅಂದುಕೊಂಡಿದ್ದೆ ಅಂದರು. ತಲೆ ತಗ್ಗಿಸಿಕೊಂಡಿದ್ದರು. ಅದನ್ನೂ ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ ಅಂತ ನಾನು ಹೇಳಿದೆ. ಅಲ್ಲಿಯವರೆಗೆ ಹೆಂಡತಿಯ ಮೇಲಿದ್ದ ಆರೋಪ ಈಗ ಅವರ ಮೇಲೆಯೇ ತಿರುಗಿತ್ತು. ಯಾರ ಮೇಲಾದರೂ ಇರಲಿ, ಅದರಿಂದ ಒಂದು ಹುಣ್ಣೂ ವಾಸಿಯಾಗುವುದಿಲ್ಲ.

ಅವರಿಗೆ ಎಚ್‌ಎಸ್‌ವಿ-2 ಐಜಿಜಿ (ಹಳೆಯ ಸೋಂಕನ್ನೂ ತೋರಿಸುವ ಇನ್ನೊಂದು ಬಗೆಯ ಪ್ರತಿಕಾಯ) ಪರೀಕ್ಷೆ ಮಾಡಿಸಬಹುದು ಅಂತ ವೈದ್ಯರು ಹೇಳಿದರು. ಮಾಡಿಸುವ ಮೊದಲೇ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆವು. ಈ ಪರೀಕ್ಷೆ ಯಾಕೆ? ನೆಗೆಟಿವ್ ಬಂದರೆ ಅವರಿಗೆ ತಗಲದ ಹಾಗೆ ನೋಡಿಕೊಳ್ಳಬೇಕು. ಕಾಂಡೋಮ್, ಸೂಚನೆ ಸಿಕ್ಕಾಗ ದೂರ ಇರುವುದು, ಸುಜಾತಾಗೆ ದಿನಾ ಮಾತ್ರೆ. ದಿನಕ್ಕೊಂದು ವಾಲಾಸೈಕ್ಲೋವಿರ್ 500 ಮಿ.ಗ್ರಾಂ ತೆಗೆದುಕೊಂಡರೆ ಸಂಗಾತಿಗೆ ದಾಟುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಪಾಸಿಟಿವ್ ಬಂದರೆ ಇಬ್ಬರಿಗೂ ಅದೇ ವೈರಸ್ ಇದೆ, ಒಬ್ಬರಿಂದ ಒಬ್ಬರಿಗೆ ಅಂತ ಹೆದರುವ ಕೆಲಸ ಇಲ್ಲ. ಯಾವಾಗ ಬಂತು, ಯಾರಿಂದ ಬಂತು ಅನ್ನುವುದು ಈ ಕಾಗದದಲ್ಲಿ ಇರುವುದಿಲ್ಲ. ಇದನ್ನು ಅವರಿಬ್ಬರ ಬಾಯಲ್ಲೂ ಒಮ್ಮೆ ಹೇಳಿಸಿದೆ. ಆಮೇಲೆ ರಕ್ತ ಕೊಟ್ಟರು.

ಪಾಸಿಟಿವ್ ಬಂತು. ಮೊದಲೇ ಮಾತಾಡಿಕೊಂಡಿದ್ದರಿಂದ ಆ ಕಾಗದ ಜಗಳಕ್ಕೆ ಕಾರಣವಾಗಲಿಲ್ಲ. ಐಜಿಎಂ ರಿಪೋರ್ಟ್ ಬಂದ ದಿನ ಯಾರಾದರೂ ಹೀಗೆ ಅರ್ಧ ಗಂಟೆ ಕೂತಿದ್ದರೆ ಆ ಜಗಲಿಯ ತಿಂಗಳುಗಳು ಇರುತ್ತಿರಲಿಲ್ಲ ಅಂತ ನನಗೆ ಖಂಡಿತವಾಗಿ ಅನ್ನಿಸುತ್ತದೆ.

ದಿನಾ ಮಾತ್ರೆ

ಎಚ್‌ಎಸ್‌ವಿ-2 ಮೊದಲ ವರ್ಷ ಜಾಸ್ತಿ ಕಾಡುತ್ತದೆ. ಕ್ಯಾಲೆಂಡರಿನ ಚುಕ್ಕೆ ನೋಡಿದರೆ ಸುಜಾತಾಗೆ ಹೆಚ್ಚುಕಡಿಮೆ ಪ್ರತಿ ಮುಟ್ಟಿನ ಹೊತ್ತಿಗೆ ಬರುತ್ತಿತ್ತು. ವೈದ್ಯರು ಅಸೈಕ್ಲೋವಿರ್ 400 ಮಿ.ಗ್ರಾಂ ದಿನಕ್ಕೆ ಎರಡು ಸಲ, ದಿನಾ ತೆಗೆದುಕೊಳ್ಳುವ ಕ್ರಮ ಹೇಳಿದರು. ಪದೇ ಪದೇ ಬರುವವರಲ್ಲಿ ಇದರಿಂದ ಮರುಕಳಿಸುವುದು 70ರಿಂದ 80 ಶೇಕಡಾ ಕಡಿಮೆಯಾಗುತ್ತದೆ.

ಅವರು ಹೆದರಿದರು. ದಿನಾ ಮಾತ್ರೆ ತಿಂದರೆ ಉಷ್ಣ ಆಗಿ ಮಕ್ಕಳಾಗಲ್ಲ ಅನ್ನುವ ಹೆದರಿಕೆ. ಇದು 1980ರ ದಶಕದಿಂದ ಜನ ನುಂಗುತ್ತಿರುವ ಮಾತ್ರೆ, ವರ್ಷಗಟ್ಟಲೆ ತೆಗೆದುಕೊಂಡವರ ಅನುಭವ ಇದೆ ಅಂದೆ. ಗರ್ಟ್ರೂಡ್ ಎಲಿಯನ್ ಅಂತ ಒಬ್ಬ ಹೆಣ್ಣುಮಗಳ ತಂಡ ಇದನ್ನು ಬೆಳೆಸಿದ್ದು, 1988ರಲ್ಲಿ ಅವರಿಗೆ ನೊಬೆಲ್ ಬಂತು ಅಂತಲೂ ಹೇಳಿದೆ. ಆ ಮಾತು ಅವರಿಗೆ ಹಿಡಿಸಿತು. "ಹೆಂಗಸು ಮಾಡಿದ್ದಾ!" ಅಂತ ಅವತ್ತು ಮೊದಲ ಸಲ ನಕ್ಕರು.

ಮಾತ್ರೆ ತರುವ ಕೆಲಸ ಗಂಡ ವಹಿಸಿಕೊಂಡರು. ಮಂಡಿಗೆ ಶಿವಮೊಗ್ಗಕ್ಕೆ ಹೋದಾಗ ಅಲ್ಲೇ ಕೊಂಡು ತರುತ್ತಾರೆ. ಊರ ಪೇಟೆಯ ಅಂಗಡಿಗೆ ಹೋಗುವ ಪ್ರಮೇಯವೇ ಇಲ್ಲ. ಕ್ಯಾಲೆಂಡರಿನಲ್ಲಿ ಚುಕ್ಕೆ ವಿರಳವಾದವು.

ಎರಡನೇ ಬಸಿರು

ಮುಂದಿನ ವರ್ಷ ಸುಜಾತಾ ಬಸಿರಾದರು. ಹರ್ಪಿಸ್ ಇದ್ದ ತಾಯಿಗೆ ಹುಟ್ಟಿದ ಮಗುವಿಗೆ ಸೋಂಕು ತಗಲಿದರೆ ಜೀವಕ್ಕೇ ಅಪಾಯ. ಆದರೆ ಆ ಅಪಾಯ ಬಹಳ ಜಾಸ್ತಿ ಇರುವುದು ಹೆರಿಗೆ ಹತ್ತಿರ ಇರುವಾಗ ಮೊದಲ ಸಲ ಸೋಂಕು ತಗಲಿದ ತಾಯಂದಿರಲ್ಲಿ. ಹಳೆಯ ಸೋಂಕು ಇದ್ದವರ ಮೈಯಲ್ಲಿ ಪ್ರತಿಕಾಯ ಇರುತ್ತದೆ, ಅದು ಮಗುವಿಗೂ ಹೋಗುತ್ತದೆ. ಅವರಲ್ಲಿ ಮಗುವಿಗೆ ತಗಲುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ವೈದ್ಯರು ದಿನದ ಮಾತ್ರೆ ನಿಲ್ಲಿಸಿ, ಗುಳ್ಳೆ ಬಂದರೆ ಮಾತ್ರ ಕೊಡುವ ಕ್ರಮಕ್ಕೆ ಹೋದರು. 36ನೇ ವಾರದಿಂದ ಮತ್ತೆ ದಿನಾ, 400 ಮಿ.ಗ್ರಾಂ ದಿನಕ್ಕೆ ಮೂರು ಸಲ, ಹೆರಿಗೆಯವರೆಗೆ.

ತೊಡಕು ಬಂದಿದ್ದು ತಾಯಿ ಕಾರ್ಡಿನಲ್ಲಿ. ಅದರಲ್ಲಿ ಬರೆದರೆ ಆಶಾ ನೋಡುತ್ತಾರೆ, ಅಂದರೆ ಅತ್ತೆಗೂ ತಿಳಿಯುತ್ತದೆ. ಬರೆಯದಿದ್ದರೆ ಹೆರಿಗೆ ಮಾಡಿಸುವವರಿಗೆ ಗೊತ್ತಾಗುವುದಿಲ್ಲ. ಕೊನೆಗೆ ವೈದ್ಯರು ಬೇರೆ ಹಾಳೆಯಲ್ಲಿ ಬರೆದು, ಮುಚ್ಚಿದ ಕವರಿನಲ್ಲಿ ಗಂಡನ ಕೈಗೆ ಕೊಟ್ಟರು. ಸಿಸೇರಿಯನ್ ಸೌಲಭ್ಯ ಇರುವ ಕಡೆಯೇ ಹೆರಿಗೆ ಆಗಬೇಕು ಅಂದರು. ನಮ್ಮ ಕಡೆಯವರಿಗೆ ಅಂದ್ರೆ ಶಿವಮೊಗ್ಗವೇ. ನೋವು ಶುರುವಾದಾಗ ಹುಣ್ಣು ಅಥವಾ ಆ ಜುಮ್ಮೆನ್ನುವ ಸೂಚನೆ ಇದ್ದರೆ ಸಿಸೇರಿಯನ್. ಇಲ್ಲದಿದ್ದರೆ ಸಹಜ ಹೆರಿಗೆ ಸಾಕು. ಕವರ್ ಕೊಡುವುದರ ಜೊತೆಗೆ ಬಾಯಲ್ಲೂ ಹೇಳಬೇಕು ಅಂತ ಇಬ್ಬರಿಗೂ ಅಭ್ಯಾಸ ಮಾಡಿಸಿದೆ. ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ಕವರ್ ಯಾರದೋ ಮೇಜಿನ ಮೇಲೆ ಉಳಿದುಬಿಡಬಹುದು ಅಲ್ವಾ?

ಹಾಗೇ ಆಯಿತು. ರಾತ್ರಿ ಹೋದರು, ಕವರ್ ಪಕ್ಕಕ್ಕೆ ಸರಿಯಿತು. ಗಂಡ ಡ್ಯೂಟಿ ಡಾಕ್ಟರ ಹತ್ತಿರ ಹೋಗಿ ತಾವೇ ಹೇಳಿದರು. ಅವರು ದೀಪ ಹಾಕಿ ಚೆನ್ನಾಗಿ ನೋಡಿದರು. ಹುಣ್ಣಿರಲಿಲ್ಲ. ಸಹಜ ಹೆರಿಗೆ ಆಯಿತು. ಗಂಡು ಮಗು, ಆರೋಗ್ಯವಾಗಿದೆ. ಎದೆಹಾಲು ಕೊಡಲು ಯಾವ ಅಡ್ಡಿಯೂ ಇರಲಿಲ್ಲ, ಎದೆಯ ಮೇಲೆ ಹುಣ್ಣಿದ್ದರೆ ಮಾತ್ರ ಆ ಬದಿ ಕೊಡಬಾರದು.

ಬಾಣಂತನದಲ್ಲಿ ಇನ್ನೊಂದು ಸಂಗತಿ ನಡೆಯಿತು. ಮೈದುನನಿಗೆ ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಎದ್ದಿತ್ತು. ಅದೂ ಹರ್ಪಿಸ್, ಹೆಚ್ಚಾಗಿ ಎಚ್‌ಎಸ್‌ವಿ-1. ಅದಕ್ಕೆ ಯಾರೂ ನಾಚುವುದಿಲ್ಲ, ಹೆದರುವುದೂ ಇಲ್ಲ. ಆದರೆ ಎಳೆಗೂಸಿಗೆ ಆ ತುಟಿಯಿಂದ ಮುತ್ತು ಕೊಟ್ಟರೆ ಅಪಾಯ. ಸುಜಾತಾಗೆ ಇದು ಗೊತ್ತಿತ್ತು. ಗುಳ್ಳೆ ಪೂರ್ತಿ ಒಣಗುವವರೆಗೆ ಮಗುವನ್ನು ಮೈದುನನ ಕೈಗೆ ಕೊಡಲಿಲ್ಲ. ಇಡೀ ಮನೆಯಲ್ಲಿ ಈ ವೈರಸ್ಸಿನ ಬಗ್ಗೆ ಸರಿಯಾಗಿ ತಿಳಿದಿದ್ದವರು ಅವರೇ.

ಈಗ

ಮಗುವಿಗೆ ಈಗ ಅನ್ನಪ್ರಾಶನ ಆಗಿದೆ. ಸುಜಾತಾ ವೈದ್ಯರನ್ನು ಕೇಳಿ ದಿನದ ಮಾತ್ರೆ ಬಿಟ್ಟಿದ್ದಾರೆ. ವರ್ಷ ಕಳೆದ ಹಾಗೆ ಈ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತಾ ಹೋಗುತ್ತದೆ, ಅವರಲ್ಲೂ ಹಾಗೇ ಆಗಿದೆ. ಹೊಲಿಗೆ ಡ್ರಾಯರಿನಲ್ಲಿ 12 ಮಾತ್ರೆ ಇವೆ. ಅವಧಿ ಮುಗಿಯುವ ತಿಂಗಳನ್ನು ಡಬ್ಬಿಯ ಮೇಲೆ ಬರೆದಿಟ್ಟಿದ್ದಾರೆ.

ನಮ್ಮ ಕೇಂದ್ರದಲ್ಲಿ ಕಾಯಿಲೆ ಖಚಿತವಾದವರಿಗೆ ಈಗ ಮುಂದಿನ ಸಲದ ಮಾತ್ರೆಯನ್ನು ವೈದ್ಯರು ಮೊದಲೇ ಬರೆದುಕೊಡುತ್ತಾರೆ. ನಾನು ಕೇಳುವ ಪ್ರಶ್ನೆಗಳೂ ಬದಲಾಗಿವೆ. ನಿಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ? ಮೆಡಿಕಲ್ ಶಾಪಿನವರು ಗುರುತಿನವರಾ? ಫೋನ್ ಯಾರ ಕೈಯಲ್ಲಿರುತ್ತದೆ? ಮನೆಯಲ್ಲಿ ನೀವೊಬ್ಬರೇ ತೆಗೆಯುವ ಪೆಟ್ಟಿಗೆ ಇದೆಯಾ? ಇವುಗಳ ಉತ್ತರ ಸಿಗದೆ ಚೀಟಿ ಬರೆದರೆ ಆ ಚೀಟಿಯಿಂದ ಪ್ರಯೋಜನ ಇಲ್ಲ.

ಅತ್ತೆಗೆ ಹೇಳಬೇಕಾ ಅಂತ ಸುಜಾತಾ ಹೋದ ಸಲ ಬಂದಾಗ ಕೇಳಿದರು. ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಭಾರ ಅನ್ನಿಸುತ್ತಿದೆಯಂತೆ. ಹೇಳಿಕೊಂಡರೆ ಹಗುರಾಗುತ್ತದೆ ಅನ್ನಿಸಿದರೆ ಹೇಳಿ, ಹೇಳಲೇಬೇಕು ಅನ್ನುವ ಕಾರಣ ಮಾತ್ರ ಒಂದೂ ಇಲ್ಲ ಅಂದೆ. ಅವರಿಂದ ಅತ್ತೆಗೆ ಈ ಕಾಯಿಲೆ ಬರುವ ದಾರಿಯೇ ಇಲ್ಲ. ತಿಳಿಯಬೇಕಾದವರು ಮೂವರು: ಗಂಡ, ವೈದ್ಯರು, ಹೆರಿಗೆ ಮಾಡಿಸಿದವರು. ಆ ಮೂವರಿಗೂ ತಿಳಿದಿದೆ. ಯೋಚನೆ ಮಾಡುತ್ತೇನೆ ಅಂತ ಹೇಳಿ ಸಂಜೆ ಬಸ್ಸಿಗೆ ಹೊರಟರು. ಇನ್ನೂ ತೀರ್ಮಾನ ಮಾಡಿಲ್ಲ.